ರಾಜ್ಯದ ವಿವಿ ಲ್ಯಾಬ್‌ಗಳಿಗೆ ಆಂಟಿಬಾಡಿ ಬೇಗ ಸಿಗಲಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ಮತ್ತು ಮಾನ್ಯ ವಿಜ್ಞಾನ-ತಂತ್ರಜ್ಞಾನ ಸಚಿವರಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನ ಕಲಿಸುತ್ತೇನೆ. ಪಾಠದ ಜೊತೆಗೆ ಒಂದು ಸಣ್ಣ ಲ್ಯಾಬ್ ಇದೆ, ಅದರಲ್ಲಿ ನಾಲ್ಕಾರು ಪಿಎಚ್‌ಡಿ ವಿದ್ಯಾರ್ಥಿಗಳಿದ್ದಾರೆ. ನಮ್ಮ ದೇಹದ ಜೀವಕೋಶಗಳು ಹೊರಗಿನಿಂದ ಬರುವ ಸಂಕೇತಗಳನ್ನು ಹೇಗೆ ತಿಳಿದುಕೊಳ್ಳುತ್ತವೆ, ಅದರಲ್ಲಿ ಎಡವಟ್ಟಾದರೆ ಕಾಯಿಲೆ ಹೇಗೆ ಶುರುವಾಗುತ್ತದೆ ಅನ್ನುವುದನ್ನು ನೋಡುವುದೇ ನಮ್ಮ ಕೆಲಸ. ಸೆಲ್ ಸಿಗ್ನಲಿಂಗ್ ಅಂತ ಕರೆಯುತ್ತೇವೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಸಮಯ ಉಳಿಯಲಿ. ರಾಜ್ಯದ ವಿವಿಗಳ ಲ್ಯಾಬ್‌ಗಳು ಆಂಟಿಬಾಡಿ (ಒಂದು ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಹಿಡಿದು ತೋರಿಸುವ ವಸ್ತು), ಸೀರಮ್, ಎಂಜೈಮ್‌ನಂಥ ಬೇಗ ಕೆಡುವ ವಸ್ತುಗಳನ್ನು ಕೊಳ್ಳಲು ಒಂದು ಬೇರೆ, ಚುರುಕಾದ ನಿಯಮ ಮಾಡಿಕೊಡಿ. ಹೊಸ ಕಟ್ಟಡ ಬೇಡ. ಹೊಸ ಉತ್ಕೃಷ್ಟತಾ ಕೇಂದ್ರವೂ ಬೇಡ. ಶಿಲಾನ್ಯಾಸದ ಕಲ್ಲುಗಳು ನಮ್ಮ ಕ್ಯಾಂಪಸ್‌ಗಳಲ್ಲಿ ಈಗಾಗಲೇ ಬೇಕಾದಷ್ಟಿವೆ. ಮಂಜೂರಾದ ಹಣ ಸಮಯಕ್ಕೆ ಸರಿಯಾಗಿ ಲ್ಯಾಬಿನ ಮೇಜಿಗೆ ಬರಲಿ, ಅಷ್ಟೇ.

ಇದಕ್ಕೆ ಬಹಿರಂಗ ಪತ್ರ ಬರೆಯುವಷ್ಟು ಏನಿದೆ ಅಂತ ಅನ್ನಿಸಬಹುದು. ಅದಕ್ಕೇ ಲ್ಯಾಬಿನ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೀವಕೋಶದ ಹೊರಪೊರೆಯಲ್ಲಿ ರಿಸೆಪ್ಟರ್ ಎಂಬ ಪ್ರೋಟೀನ್‌ಗಳಿರುತ್ತವೆ. ಹಾರ್ಮೋನೋ ಇನ್ನೇನೋ ಬಂದು ಅದಕ್ಕೆ ಅಂಟಿಕೊಂಡರೆ, ಒಳಗೆ ಒಂದರ ಹಿಂದೆ ಒಂದು ಪ್ರೋಟೀನ್ ಬದಲಾಗುತ್ತಾ ಹೋಗುತ್ತದೆ. ಬಹಳ ಸಲ ಆ ಬದಲಾವಣೆ ಅಂದರೆ ಪ್ರೋಟೀನಿನ ಮೇಲೆ ಒಂದು ಸಣ್ಣ ಫಾಸ್ಫೇಟ್ ಗುಂಪು ಬಂದು ಕೂರುವುದು. ಕೂರಿಸುವ ಎಂಜೈಮ್‌ಗಳು ಕೈನೇಸ್‌ಗಳು. ಮನುಷ್ಯರಲ್ಲಿ 500ಕ್ಕೂ ಜಾಸ್ತಿ ಕೈನೇಸ್‌ಗಳಿವೆ. ತೆಗೆಯುವುದಕ್ಕೆ ಫಾಸ್ಫಟೇಸ್‌ಗಳಿವೆ. ಈ ಹಾಕುವ, ತೆಗೆಯುವ ವ್ಯವಸ್ಥೆಯನ್ನು ಕಂಡುಹಿಡಿದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಮನೆಯ ಕಾಲಿಂಗ್ ಬೆಲ್ ಒತ್ತಿ ಬೆರಳು ತೆಗೆದರೆ ಸದ್ದು ನಿಲ್ಲಬೇಕು, ಅಲ್ವಾ? ಸ್ವಿಚ್ ಒಳಗೇ ಸಿಕ್ಕಿಕೊಂಡರೆ ಅದು ಹೊಡೆದುಕೊಳ್ಳುತ್ತಲೇ ಇರುತ್ತದೆ. ಅನೇಕ ಕ್ಯಾನ್ಸರ್‌ಗಳಲ್ಲಿ ಆಗುವುದು ಇದೇ. ಟೈಪ್ 2 ಡಯಾಬಿಟಿಸ್‌ನಲ್ಲಿ ಇದರ ಉಲ್ಟಾ: ಇನ್ಸುಲಿನ್ ಬಂದು ಒತ್ತುತ್ತಿದೆ, ಒಳಗಿನವರಿಗೆ ಸರಿಯಾಗಿ ಕೇಳುತ್ತಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಡಯಾಬಿಟಿಸ್ ಇದೆ.

ನಮ್ಮ ಲ್ಯಾಬ್ ಆರಿಸಿಕೊಂಡಿರುವುದು ಅಡಿಕೆ ಜಗಿಯುವವರ ಬಾಯಿಗೆ ಬರುವ ಕಾಯಿಲೆ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಅದರ ಹೆಸರು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗುತ್ತದೆ. ಬಾಯಿ ತೆರೆಯುವುದು ಕಮ್ಮಿಯಾಗುತ್ತಾ ಬಂದು, ಕೊನೆಗೆ ಮುದ್ದೆ ತುತ್ತು ಒಳಗೆ ಹೋಗುವುದೂ ಕಷ್ಟ. ಇವರಲ್ಲಿ ಕೆಲವರಿಗೆ ಮುಂದೆ ಬಾಯಿ ಕ್ಯಾನ್ಸರ್ ಆಗುತ್ತದೆ. ಗುಟ್ಕಾ ಮತ್ತು ಪಾನ್ ಮಸಾಲ ಪೊಟ್ಟಣ ಪೆಟ್ಟಿಗೆ ಅಂಗಡಿಗೆ ಬಂದ ಮೇಲೆ ಇದು ಮುದುಕರ ಕಾಯಿಲೆಯಾಗಿ ಉಳಿದಿಲ್ಲ. ಇಪ್ಪತ್ತು ದಾಟದ ಹುಡುಗರೂ ದಂತ ಆಸ್ಪತ್ರೆಯ ಸಾಲಿನಲ್ಲಿ ಕೂತಿರುತ್ತಾರೆ.

ಅಡಿಕೆ ಅಂದ ತಕ್ಷಣ ನಿಮ್ಮ ಇಲಾಖೆಗಳಲ್ಲೂ ಸ್ವಲ್ಪ ಇರಿಸುಮುರುಸಾಗುತ್ತದೆ ಅಂತ ಗೊತ್ತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ನಾನೂ ಮಲೆನಾಡಿನವಳು, ತೋಟದ ದುಡ್ಡಲ್ಲೇ ಓದಿದವಳು. ಅಡಿಕೆಯಿಂದ ಕ್ಯಾನ್ಸರ್ ಬರುತ್ತೋ ಇಲ್ವೋ ಅನ್ನುವ ಜಗಳವನ್ನು ಮದುವೆ ಮನೆಯ ಪಂಕ್ತಿಯಲ್ಲೇ ಕೇಳಿ ಬೆಳೆದಿದ್ದೇನೆ. ನನ್ನ ಮಟ್ಟಿಗೆ ಆ ಜಗಳ ಮುಗಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತಂಬಾಕು ಸೇರದ ಎಲೆಅಡಿಕೆಯನ್ನೂ ಅಡಿಕೆಯನ್ನೂ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರಿಗೆ ಇದು ಸಿಹಿ ಸುದ್ದಿ ಅಲ್ಲ, ನಮ್ಮ ಮನೆಯಲ್ಲೂ ಅಲ್ಲ. ಆದರೆ ಉಳಿದಿರುವ ಪ್ರಶ್ನೆಗಳು ಬೇರೆ. ಜಗಿಯುವ ಎಲ್ಲರಿಗೂ ಯಾಕೆ ಬರುವುದಿಲ್ಲ? ಬಿಗಿದ ಕೆನ್ನೆ ಯಾವ ಹಂತದಲ್ಲಿ ಕ್ಯಾನ್ಸರ್ ಕಡೆಗೆ ತಿರುಗುತ್ತದೆ? ಅಲ್ಲಿಗೆ ಹೋಗುವ ಮುಂಚೆ ತಡೆಯಬಹುದಾ?

ಇದಕ್ಕೆ ಉತ್ತರ ಸಂಕೇತಗಳಲ್ಲಿ ಇದೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತು, ಅದರ ಜೊತೆಗೆ ನಾರು ಒರೆಸಿ ಆಗುವ ಗಾಯ, ಇವೆಲ್ಲ ಸೇರಿ ಕೆನ್ನೆಯ ಕೋಶಗಳಲ್ಲಿ ಟಿಜಿಎಫ್-ಬೀಟಾ ಎಂಬ ಸಂಕೇತವನ್ನು ಹೆಚ್ಚಿಸುತ್ತವೆ. ಅದು ಫೈಬ್ರೋಬ್ಲಾಸ್ಟ್ ಕೋಶದ ರಿಸೆಪ್ಟರ್‌ಗೆ ಅಂಟುತ್ತದೆ. ಒಳಗೆ ಸ್ಮ್ಯಾಡ್2, ಸ್ಮ್ಯಾಡ್3 ಎಂಬ ಪ್ರೋಟೀನ್‌ಗಳ ಮೇಲೆ ಫಾಸ್ಫೇಟ್ ಕೂರುತ್ತದೆ. ಅವು ಸ್ಮ್ಯಾಡ್4 ಜೊತೆ ಸೇರಿ ಕೋಶದ ನ್ಯೂಕ್ಲಿಯಸ್ ಒಳಗೆ ಹೋಗಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನಿನ ಜೀನ್‌ಗಳನ್ನು ಎಬ್ಬಿಸುತ್ತವೆ. ಕೊಲಾಜನ್ ಜಾಸ್ತಿಯಾದಂತೆ ಕೆನ್ನೆ ಬಿಗಿಯುತ್ತದೆ. ಹಾಗಾದರೆ ಟಿಜಿಎಫ್-ಬೀಟಾವನ್ನು ಪೂರ್ತಿ ಬಂದ್ ಮಾಡಿದರೆ ಆಯ್ತಲ್ಲ? ಆಗುವುದಿಲ್ಲ. ಗಾಯ ಮಾಯಿಸಲು ಅದೇ ಸಂಕೇತ ಬೇಕು. ಶುರುವಿನಲ್ಲಿ ಕೋಶಗಳು ಹದ್ದು ಮೀರಿ ಬೆಳೆಯದಂತೆ ತಡೆಯುವುದೂ ಅದೇ. ಗಡ್ಡೆ ಬಲಿತ ಮೇಲೆ ಮಾತ್ರ ಅದು ಪಕ್ಷ ಬದಲಿಸಿ ಗಡ್ಡೆಗೇ ಸಹಾಯ ಮಾಡುತ್ತದೆ. (ಪಕ್ಷಾಂತರ ನಿಮಗೆ ಹೊಸದೇನಲ್ಲ, ಕ್ಷಮಿಸಿ.) ಯಾವಾಗ, ಯಾರಲ್ಲಿ, ಎಷ್ಟು ತಡೆಯಬೇಕು ಅನ್ನುವುದೇ ಕೆಲಸದ ತಿರುಳು.

ಈಗ ಇದನ್ನು ಅಳೆಯುವ ರೀತಿ ಕೇಳಿ. ದಂತ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡುವಾಗ, ರೋಗಿ ಒಪ್ಪಿದರೆ, ಒಂದು ಅಕ್ಕಿಕಾಳಿನಷ್ಟು ಚೂರು ನಮಗೂ ಕೊಡುತ್ತಾರೆ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇದೆ, ಎಥಿಕ್ಸ್ ಸಮಿತಿಯ ಅನುಮತಿಯೂ ಇದೆ. ಆ ಚೂರಿನಿಂದ ಕೋಶಗಳು ಹೊರಬಂದು ತಟ್ಟೆ ತುಂಬಲು ವಾರಗಳು ಬೇಕು. 37 ಡಿಗ್ರಿ ಶಾಖ, ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್, ಕರುವಿನ ಸೀರಮ್ ಬೆರೆಸಿದ ಆಹಾರ. ಕೋಶ ತುಂಬಿದ ಮೇಲೆ ಟಿಜಿಎಫ್-ಬೀಟಾ ಹಾಕುತ್ತೇವೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಸ್ಮ್ಯಾಡ್ ಮೇಲೆ ಫಾಸ್ಫೇಟ್ ಚೆನ್ನಾಗಿ ಕೂತಿರುತ್ತದೆ. ತಕ್ಷಣ ತಟ್ಟೆಯನ್ನು ಐಸ್ ಮೇಲಿಟ್ಟು ಕೋಶಗಳನ್ನು ಒಡೆಯಬೇಕು. ಫಾಸ್ಫಟೇಸ್‌ಗಳನ್ನು ತಡೆಯುವ ರಾಸಾಯನಿಕ ಹಾಕದಿದ್ದರೆ ಆ ಫಾಸ್ಫೇಟ್ ಉದುರಿ ಹೋಗುತ್ತದೆ. ಆಮೇಲೆ ವೆಸ್ಟರ್ನ್ ಬ್ಲಾಟ್ ಎಂಬ ವಿಧಾನದಲ್ಲಿ ಪ್ರೋಟೀನ್‌ಗಳನ್ನು ಜೆಲ್ ಮೇಲೆ ಓಡಿಸಿ, ಪೊರೆಗೆ ವರ್ಗಾಯಿಸಿ, ಫಾಸ್ಫೇಟ್ ಕೂತ ಸ್ಮ್ಯಾಡನ್ನು ಮಾತ್ರ ಹಿಡಿಯುವ ಆಂಟಿಬಾಡಿ ಹಾಕುತ್ತೇವೆ. ಅದಿಲ್ಲದಿದ್ದರೆ ಮಾಡಿದ್ದೆಲ್ಲ ದಂಡ. ಆ ಆಂಟಿಬಾಡಿ ಬರುವುದು 0.1 ಮಿಲಿಲೀಟರಿನ ಸೀಸೆಯಲ್ಲಿ. ಬೆಲೆ ಹತ್ತಾರು ಸಾವಿರ ರೂಪಾಯಿ. ಬಹುಪಾಲು ಹೊರದೇಶದಿಂದ ಬರಬೇಕು, ತಣ್ಣಗೇ ಬರಬೇಕು.

ಈಗ ಕಡತದ ಕಥೆ.

ಲ್ಯಾಬಿನಿಂದ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಹೋಗುತ್ತದೆ. ವಿಭಾಗದ ಮುಖ್ಯಸ್ಥರ ಸಹಿ ಆಗುತ್ತದೆ. ಮೂರು ಕೊಟೇಶನ್ ಬೇಕು ಅಂತ ಫೈಲ್ ವಾಪಸ್ ಬರುತ್ತದೆ. ಆ ಆಂಟಿಬಾಡಿ ಮಾಡುವುದು ಒಂದೇ ಕಂಪನಿ ಅಂದರೆ ಪ್ರೊಪ್ರೈಟರಿ ಸರ್ಟಿಫಿಕೇಟ್ ತನ್ನಿ ಅನ್ನುತ್ತಾರೆ. ತಂದರೆ, ಇದೇ ಕಂಪನಿ ಯಾಕೆ ಅಂತ ವಿವರಣೆ ಕೇಳುತ್ತಾರೆ. ಅಷ್ಟರಲ್ಲಿ ಕೊಟೇಶನ್‌ನ ಅವಧಿ ಮುಗಿದಿರುತ್ತದೆ, ಡಾಲರ್ ಬೆಲೆ ಏರಿರುತ್ತದೆ. ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಆದ ಮೇಲೆ ಸೀಸೆ ಬಂದರೂ ತಟ್ಟೆಯಲ್ಲಿದ್ದ ಕೋಶಗಳು ಕಾದು ಕೂತಿರುವುದಿಲ್ಲ. ರೋಗಿಯಿಂದ ತೆಗೆದ ಕೋಶಗಳನ್ನು ಕೆಲವೇ ಸಲ ಬೆಳೆಸಿ ಹಂಚಬಹುದು. ಅದಾದ ಮೇಲೆ ಅವು ತಮ್ಮ ಗುಣ ಬದಲಿಸುತ್ತವೆ, ನಿಧಾನವಾಗುತ್ತವೆ. ಫ್ರೀಜ್ ಮಾಡಿ ಇಡಬಹುದಲ್ಲ ಅಂತ ಒಬ್ಬ ಅಧಿಕಾರಿ ಕೇಳಿದ್ದರು. ಒಳ್ಳೆಯ ಪ್ರಶ್ನೆ. ಇಡುತ್ತೇವೆ ಸಾರ್, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಆದರೆ ಸಾರಜನಕ ಆವಿಯಾಗುತ್ತಲೇ ಇರುತ್ತದೆ, ತುಂಬಿಸುತ್ತಲೇ ಇರಬೇಕು. ಅದಕ್ಕೂ ಒಂದು ಕಡತ ಇದೆ.

ಒಬ್ಬ ಆಟೋ ಚಾಲಕರು ಬಯಾಪ್ಸಿ ದಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾ, "ನನಗೆ ಆಗದಿದ್ರೂ ಬೇರೆಯವರಿಗೆ ಉಪಯೋಗ ಆಗುತ್ತಾ ಮೇಡಂ?" ಅಂತ ನನ್ನ ವಿದ್ಯಾರ್ಥಿನಿಯನ್ನು ಕೇಳಿದರಂತೆ. ಆಗುತ್ತೆ ಅಂತ ಅವಳು ಹೇಳಿದ್ದಾಳೆ. ಆ ಚೂರು ಆಂಟಿಬಾಡಿಗೆ ಕಾಯುತ್ತಾ ಹಾಳಾದ ಚೂರುಗಳ ಪೈಕಿ ಸೇರಿತು. ಹಣ ಇರಲಿಲ್ಲ ಅಂತ ಅಂದುಕೊಳ್ಳಬೇಡಿ. ಹಣ ವಿವಿಯ ಖಾತೆಯಲ್ಲೇ ಇತ್ತು.

ಇನ್ನೊಂದು ತೊಂದರೆ ಎಲ್‌1. ಯಾರು ಕಡಿಮೆ ಬೆಲೆ ಹೇಳುತ್ತಾರೋ ಅವರಿಂದಲೇ ಕೊಳ್ಳಬೇಕು. ಟೆಂಡರ್ ನಿಯಮಕ್ಕೆ ಕುರ್ಚಿಯೂ ಆಂಟಿಬಾಡಿಯೂ ಒಂದೇ. ಒಂದೇ ಪ್ರೋಟೀನಿಗೆ ಅಂತ ಹತ್ತು ಕಂಪನಿಗಳು ಹತ್ತು ಆಂಟಿಬಾಡಿ ಮಾರುತ್ತವೆ. ಅವುಗಳಲ್ಲಿ ಕೆಲವು ಬೇರೆ ಪ್ರೋಟೀನನ್ನೂ ಹಿಡಿಯುತ್ತವೆ, ಕೆಲವು ಏನನ್ನೂ ಹಿಡಿಯುವುದಿಲ್ಲ. ಇದು ನಮ್ಮ ದೂರು ಮಾತ್ರ ಅಲ್ಲ, ಇಡೀ ಪ್ರಪಂಚದ ಜೀವವಿಜ್ಞಾನಿಗಳು ವರ್ಷಗಳಿಂದ ಹೇಳುತ್ತಿರುವ ಮಾತು. ಮೂರು ವರ್ಷ ಒಂದು ಆಂಟಿಬಾಡಿಯಲ್ಲಿ ಅಳೆದು, ನಾಲ್ಕನೇ ವರ್ಷ ಎಲ್‌1 ಬದಲಾಯ್ತು ಅಂತ ಬೇರೆ ಆಂಟಿಬಾಡಿ ಹಾಕಿದರೆ ಹಳೆಯ ಅಂಕಿಗೂ ಹೊಸ ಅಂಕಿಗೂ ತಾಳೆಯೇ ಆಗುವುದಿಲ್ಲ. ಉಳಿಸಿದ ಮೂರು ಸಾವಿರ ರೂಪಾಯಿಗೆ ಮೂರು ವರ್ಷದ ಕೆಲಸ ಹೋಗುತ್ತದೆ.

ಮೇಲಿನವರ, ಅಂದರೆ ಕೇಂದ್ರದ, ತೀರ್ಮಾನಗಳೂ ಸೇರಿಕೊಳ್ಳುತ್ತವೆ. ಸರ್ಕಾರಿ ಸಂಶೋಧನಾ ಸಂಸ್ಥೆಗಳ ಉಪಕರಣಗಳ ಮೇಲೆ ಶೇ 5ರಷ್ಟಿದ್ದ ರಿಯಾಯಿತಿ ಜಿಎಸ್‌ಟಿ ದರ 2022ರ ಜುಲೈನಲ್ಲಿ ಹೋಯಿತು, ಶೇ 18 ಆಯಿತು. 2024ರ ಜುಲೈ ಬಜೆಟ್‌ನಲ್ಲಿ ಲ್ಯಾಬ್ ರಾಸಾಯನಿಕಗಳ ಆಮದು ಸುಂಕ ಶೇ 10ರಿಂದ ಒಮ್ಮೆಲೇ ಶೇ 150ಕ್ಕೆ ಏರಿತು. ಯಾರೋ ಲ್ಯಾಬ್ ರಾಸಾಯನಿಕದ ಹೆಸರಿನಲ್ಲಿ ಇಥೆನಾಲ್ ತರಿಸಿ ದುರುಪಯೋಗ ಮಾಡುತ್ತಾರೆ ಅಂತ ಎಲ್ಲ ಲ್ಯಾಬ್‌ಗೂ ಬರೆ. ದೇಶದ ವಿಜ್ಞಾನಿಗಳು ಗಲಾಟೆ ಮಾಡಿದ ಮೇಲೆ ಕೆಲವೇ ದಿನಗಳಲ್ಲಿ ಅದು ವಾಪಸಾಯಿತು, ಪುಣ್ಯ. ಇವು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಖರೀದಿ ನಿಯಮ ನಿಮ್ಮ ಕೈಯಲ್ಲಿದೆ.

ಈ ಮಾತಿಗೆ ಆಧಾರವೂ ಇದೆ. 2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಸ್ಥೆಗಳಿಗೆ ಖರೀದಿ ನಿಯಮ ಸಡಿಲಿಸಿತು. ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಹೋಯಿತು. ಸಂಶೋಧನೆಯ ಸಾಮಾನಿಗೆ ಜೆಮ್ ಪೋರ್ಟಲ್ (ಸರ್ಕಾರಿ ಆನ್‌ಲೈನ್ ಖರೀದಿ ತಾಣ) ಕಡ್ಡಾಯ ಅನ್ನುವುದೂ ಸಡಿಲವಾಯಿತು. ನಮ್ಮ ರಾಜ್ಯದ ವಿವಿಗಳು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಕೆಳಗೆ ಬರುತ್ತವೆ. ಕೆಟಿಪಿಪಿ ಅಂತ ಎಲ್ಲ ಕಚೇರಿಯಲ್ಲೂ ಭಯಭಕ್ತಿಯಿಂದ ಹೇಳುವ ಕಾಯ್ದೆ ಅದು. ಅದರ 4(ಜಿ) ಕಲಮಿನಲ್ಲಿ ಸರ್ಕಾರ ವಿನಾಯಿತಿ ಕೊಡಬಹುದು. ಯಾವ್ಯಾವುದಕ್ಕೋ ಕೊಟ್ಟ ಸುದ್ದಿ ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಒಂದು ಸಲ 0.1 ಮಿಲಿಲೀಟರಿಗೂ ಕೊಟ್ಟು ನೋಡಿ.

ಕಳ್ಳತನ ಆಗುವುದಿಲ್ವಾ ಅಂತ ನಿಮ್ಮ ಹಣಕಾಸು ಇಲಾಖೆ ಕೇಳುತ್ತದೆ. ಕೇಳಬೇಕು ಕೂಡ. ವಿವಿಗಳಲ್ಲಿ ಖರೀದಿ ಹಗರಣ ಆಗಿಲ್ಲ ಅಂತ ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಆದರೆ ಹಗರಣ ಆಗಿರುವುದು ಕಟ್ಟಡ, ಕಂಪ್ಯೂಟರ್, ಉತ್ತರಪತ್ರಿಕೆ ಅಂಥ ದೊಡ್ಡ ಮೊತ್ತದಲ್ಲಿ, ಅದೂ ಟೆಂಡರ್ ಕರೆದೇ. ಲ್ಯಾಬ್ ಖರೀದಿಗೆ ಮೊದಲು ತಡೆಯುವ ಬದಲು ಆಮೇಲೆ ತಪಾಸಣೆ ಮಾಡಿ. ಯಾವ ಲ್ಯಾಬ್, ಯಾವ ವಸ್ತು, ಯಾವ ಕಂಪನಿ, ಎಷ್ಟು ಬೆಲೆ ಅನ್ನುವುದನ್ನು ಪ್ರತಿ ತಿಂಗಳು ವಿವಿಯ ವೆಬ್‌ಸೈಟ್‌ನಲ್ಲಿ ಹಾಕಿಸಿ. ಪಕ್ಕದ ಲ್ಯಾಬಿನವರು ನೋಡುತ್ತಾರೆ ಅಂದರೆ ನಾವೆಲ್ಲ ತಾನಾಗಿ ಸರಿಯಾಗಿರುತ್ತೇವೆ. ಪ್ರೊಫೆಸರ್‌ಗಳ ಬಗ್ಗೆ ನನಗೆ ಇಷ್ಟಾದರೂ ಗೊತ್ತು.

ಇನ್ನೊಂದು ಮಾತು ಸಾಮಾನ್ಯವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಇದೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಇದೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ ಇದೆ. ಈ ದೊಡ್ಡ ಕೆಲಸ ಅವರು ಮಾಡಲಿ, ನೀವು ಪಾಠ ಮಾಡಿಕೊಂಡಿರಿ ಅಂತ. ಆ ಸಂಸ್ಥೆಗಳ ಬಗ್ಗೆ ನನಗೆ ಹೆಮ್ಮೆ ಇದೆ, ಹೊಟ್ಟೆಕಿಚ್ಚೂ ಇದೆ. ಐಐಎಸ್‌ಸಿಯ ಸಂಧ್ಯಾ ವಿಶ್ವೇಶ್ವರಯ್ಯ ಅವರ ಕೆಲಸವನ್ನು ನಾನು ಪ್ರತಿ ವರ್ಷ ಎಂಎಸ್ಸಿ ತರಗತಿಯಲ್ಲಿ ಹೇಳುತ್ತೇನೆ. ಕರುಳಿನ ಕೋಶಗಳ ಮೇಲೆ ಗ್ವಾನೈಲಿಲ್ ಸೈಕ್ಲೇಸ್ ಸಿ ಎಂಬ ರಿಸೆಪ್ಟರ್ ಇದೆ. ಬೇಧಿ ತರಿಸುವ ಕೆಲವು ಇ. ಕೋಲೈ ಬ್ಯಾಕ್ಟೀರಿಯಾಗಳ ವಿಷ ಇದಕ್ಕೇ ಬಂದು ಅಂಟುತ್ತದೆ. ನಾರ್ವೆಯ ಒಂದು ಕುಟುಂಬದಲ್ಲಿ 32 ಜನರಿಗೆ ಚಿಕ್ಕಂದಿನಿಂದಲೂ ಬೇಧಿಯ ತೊಂದರೆ. ಬ್ಯಾಕ್ಟೀರಿಯಾ ಇಲ್ಲದೆಯೇ! ಅವರ ಜೀನಿನಲ್ಲಿನ ಒಂದು ಸಣ್ಣ ಬದಲಾವಣೆಯಿಂದ ಆ ರಿಸೆಪ್ಟರ್ ಅತಿಯಾಗಿ ಕೆಲಸ ಮಾಡುತ್ತಿದೆ ಅಂತ 2012ರಲ್ಲಿ ನಾರ್ವೆಯ ವೈದ್ಯರೂ ಬೆಂಗಳೂರಿನ ಈ ಲ್ಯಾಬೂ ಸೇರಿ ತೋರಿಸಿದರು. ನಮ್ಮ ಮಲ್ಲೇಶ್ವರದ ಪಕ್ಕದಲ್ಲಿ ನಡೆದ ಕೆಲಸ ಇದು ಅಂದರೆ ಮಕ್ಕಳ ಕಣ್ಣು ಅರಳುತ್ತದೆ. ಎನ್‌ಸಿಬಿಎಸ್‌ನಲ್ಲಿ ಗೈತಿ ಹಸನ್ ಅವರು ಹಣ್ಣುನೊಣಗಳಲ್ಲಿ ಕ್ಯಾಲ್ಸಿಯಂ ಸಂಕೇತದ ಬಗ್ಗೆ ದಶಕಗಳ ಕೆಲಸ ಮಾಡಿದ್ದಾರೆ.

ಆದರೆ ಲೆಕ್ಕ ಹಾಕಿ. ಈ ಸಂಸ್ಥೆಗಳಿಗೆ ಹೋಗುವ ಮಕ್ಕಳು ದೇಶದೆಲ್ಲೆಡೆಯಿಂದ ಸೋಸಿ ಬಂದ ಕೆಲವೇ ಮಂದಿ. ಚಿಂತಾಮಣಿಯಿಂದ, ಮಾಗಡಿಯಿಂದ, ಕನಕಪುರದಿಂದ ಬಸ್ ಹತ್ತಿ ಬರುವ, ಹತ್ತನೇ ಕ್ಲಾಸಿನ ತನಕ ಕನ್ನಡದಲ್ಲಿ ಓದಿದ ಹುಡುಗಿ ಎಂಎಸ್ಸಿಗೆ ಬರುವುದು ನಮ್ಮ ಹತ್ತಿರ. ನಾಳೆ ಜಿಲ್ಲೆಯ ಕಾಲೇಜುಗಳಲ್ಲಿ ಜೀವವಿಜ್ಞಾನ ಕಲಿಸುವವಳೂ ಅವಳೇ. ಬೊಮ್ಮಸಂದ್ರದ ಬಯೋಟೆಕ್ ಕಂಪನಿಗಳಲ್ಲಿ ಕೆಲಸಕ್ಕೆ ಸೇರುವವಳೂ ಅವಳೇ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಹರ್2 ರಿಸೆಪ್ಟರ್ ಅತಿಯಾಗಿರುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧದ ಬಯೋಸಿಮಿಲರ್‌ಗೆ (ಮೂಲ ಔಷಧವನ್ನು ಹೋಲುವ ಔಷಧಕ್ಕೆ) ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2017ರಲ್ಲಿ, ಬೆಂಗಳೂರಿನ ಬಯೋಕಾನ್ ಮತ್ತು ಮೈಲಾನ್ ಸೇರಿ ಮಾಡಿದ್ದಕ್ಕೆ. ಅಂಥ ಕಡೆ ಕೆಲಸ ಮಾಡಬೇಕಾದ ಹುಡುಗಿ ಒಂದು ವೆಸ್ಟರ್ನ್ ಬ್ಲಾಟನ್ನು ಬರೀ ಬೋರ್ಡ್ ಮೇಲೆ ನೋಡಿ ಪಾಸಾದರೆ ಹೇಗೆ?

ಸಾಧಾರಣ ಕಾಲೇಜಿನಿಂದ ಏನೂ ಹುಟ್ಟುವುದಿಲ್ಲ ಅನ್ನುವವರಿಗೆ ಶಂಭುನಾಥ ಡೇ ಅವರ ಕಥೆ ಹೇಳಬೇಕು. ಕೋಲ್ಕತ್ತಾದ ವೈದ್ಯಕೀಯ ಕಾಲೇಜಿನಲ್ಲಿ ರೋಗಶಾಸ್ತ್ರದ ಪ್ರೊಫೆಸರ್ ಆಗಿದ್ದವರು. ಕಾಲರಾದಲ್ಲಿ ರೋಗಿ ಗಂಟೆಗೆ ಒಂದು ಲೀಟರ್ ತನಕ ನೀರು ಕಳೆದುಕೊಳ್ಳಬಹುದು. ಯಾಕೆ ಅಂತ ಕಾಲರಾ ಬ್ಯಾಕ್ಟೀರಿಯಾ ಗುರುತಿಸಿದ ರಾಬರ್ಟ್ ಕಾಕ್ ಕಾಲದಿಂದಲೂ ಜನ ತಲೆ ಕೆಡಿಸಿಕೊಂಡಿದ್ದರು. ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಲ್ಲಿ ಕಟ್ಟಿ, ಒಳಗೆ ಕಾಲರಾ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಆ ತುಂಡು ನೀರು ತುಂಬಿಕೊಂಡು ಉಬ್ಬಿತು. 1959ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವ ಮಾತ್ರ ಹಾಕಿದರೂ ಹೀಗೇ ಆಗುತ್ತದೆ ಅಂತ ತೋರಿಸಿದರು. ಅಂದರೆ ಬ್ಯಾಕ್ಟೀರಿಯಾ ಹೊರಗೆ ಬಿಡುವ ಒಂದು ವಿಷ ಇದೆ. ಆ ವಿಷ ಮಾಡುವುದೇನು ಅಂತ ಆಮೇಲೆ ಗೊತ್ತಾಯಿತು. ಕೋಶದ ಒಳಗಿನ ಜಿ-ಪ್ರೋಟೀನ್ ಎಂಬ ಸಂಕೇತ ವಾಹಕವನ್ನು ಅದು ಆನ್ ಆದ ಸ್ಥಿತಿಯಲ್ಲೇ ಬೀಗ ಹಾಕಿಬಿಡುತ್ತದೆ. ಸೈಕ್ಲಿಕ್ ಎಎಂಪಿ ಎಂಬ ಸಂದೇಶ ಅಣು ಏರುತ್ತದೆ, ಕ್ಲೋರೈಡ್ ಹೊರಗೆ ಹರಿಯುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಅದೇ ಜಿ-ಪ್ರೋಟೀನ್‌ಗಳನ್ನು ಕಂಡುಹಿಡಿದ ಆಲ್‌ಫ್ರೆಡ್ ಗಿಲ್‌ಮನ್ ಮತ್ತು ಮಾರ್ಟಿನ್ ರಾಡ್‌ಬೆಲ್‌ಗೆ 1994ರಲ್ಲಿ ನೊಬೆಲ್ ಬಂತು. ಇವತ್ತು ಮಾರುಕಟ್ಟೆಯಲ್ಲಿರುವ ಔಷಧಗಳಲ್ಲಿ ಸುಮಾರು ಮೂರನೇ ಒಂದು ಭಾಗ ಜಿ-ಪ್ರೋಟೀನ್ ಜೊತೆ ಕೆಲಸ ಮಾಡುವ ರಿಸೆಪ್ಟರ್‌ಗಳನ್ನೇ ಗುರಿಯಾಗಿಸಿಕೊಂಡಿವೆ. ಡೇ ಅವರಿಗೆ ತಮ್ಮ ದೇಶದಲ್ಲಿ ಹೇಳಿಕೊಳ್ಳುವಂಥ ಮನ್ನಣೆ ಸಿಗಲಿಲ್ಲ. 1985ರಲ್ಲಿ ತೀರಿಕೊಂಡರು.

ಅವರಿಗೆ ಬೇಕಾಗಿದ್ದದ್ದು ಮೊಲ, ದಾರ, ಸೋಸುವ ಉಪಕರಣ. ಇವತ್ತಿನ ಪ್ರಶ್ನೆಗಳಿಗೆ ದಾರದ ಜಾಗದಲ್ಲಿ ಆಂಟಿಬಾಡಿ ಬಂದಿದೆ, ಅಷ್ಟೇ ವ್ಯತ್ಯಾಸ.

ವಿದ್ಯಾರ್ಥಿಗಳ ವಿಷಯಕ್ಕೂ ಬರುತ್ತೇನೆ. 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರ್ ರೋಗಿಗಳ ಕೋಶಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ಕ್ರೋಮೊಸೋಮ್ ಕಂಡವರು ಇಬ್ಬರು, ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್. ಹಂಗರ್‌ಫೋರ್ಡ್ ಆಗಿನ್ನೂ ಸಂಶೋಧನಾ ವಿದ್ಯಾರ್ಥಿ. 1973ರಲ್ಲಿ ಷಿಕಾಗೋ ವಿವಿಯ ಜಾನೆಟ್ ರೌಲಿ ಅದು 9 ಮತ್ತು 22ನೇ ಕ್ರೋಮೊಸೋಮ್‌ಗಳ ತುಂಡು ಅದಲುಬದಲಾಗಿ ಆಗಿದ್ದು ಅಂತ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವುದು ಒಂದು ಕೈನೇಸ್, ನಿಲ್ಲಿಸಲು ಆಗದ ಕೈನೇಸ್. ಅದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಅದರ ಪೇಟೆಂಟ್ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ತಳ್ಳಿಹಾಕಿದ್ದು ನಿಮಗೂ ನೆನಪಿರಬಹುದು. ಇವತ್ತು ಆ ಕ್ಯಾನ್ಸರ್ ಇರುವವರು ಜೆನರಿಕ್ ಮಾತ್ರೆ ನುಂಗಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಮೊದಲ ಗುರುತಿನಿಂದ ಮಾತ್ರೆಯ ತನಕ 41 ವರ್ಷ. ಫಲ ಯಾವಾಗ ಅಂತ ಪ್ರತಿ ವರ್ಷ ಯುಟಿಲೈಸೇಶನ್ ಸರ್ಟಿಫಿಕೇಟಿನ (ಹಣ ಬಳಕೆಯ ಪತ್ರದ) ಜೊತೆ ಕೇಳುವವರಿಗೆ ನಾನು ಈ ಲೆಕ್ಕ ಕೊಡುತ್ತೇನೆ. ಅವರಿಗೆ ಖುಷಿಯಾಗುವುದಿಲ್ಲ.

ನಮ್ಮ ಹಂಗರ್‌ಫೋರ್ಡ್‌ಗಳು ಹೇಗಿದ್ದಾರೆ? ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಅಂತ ಆದೇಶ ಇದೆ. ಪ್ರತಿ ತಿಂಗಳೂ ಬರುತ್ತದೆ ಅಂತ ಯಾವ ಆದೇಶದಲ್ಲೂ ಇಲ್ಲ. ನೆಟ್ ಇಲ್ಲದವರಿಗೆ ಕೇಂದ್ರೀಯ ವಿವಿಯಲ್ಲಾದರೆ 8,000 ರೂಪಾಯಿ ಸಿಗುತ್ತದೆ. ರಾಜ್ಯದ ವಿವಿಯವರಿಗೆ ಅದೂ ಇಲ್ಲ, ಇಲ್ಲಿ ಸಿಗುವುದು ಬೇರೆ ಬೇರೆ ನಿಗಮ, ಇಲಾಖೆಗಳ ನೆರವು, ಅದು ಬಂದಾಗ ಬಂತು. ಪಿಜಿ ಬಾಡಿಗೆ ಮಾತ್ರ ತಿಂಗಳ ಮೊದಲ ವಾರ ತಪ್ಪುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ರಾತ್ರಿ ಊಟ ಡೆಲಿವರಿ ಮಾಡಿ ಬೆಳಿಗ್ಗೆ ಲ್ಯಾಬಿಗೆ ಬರುತ್ತಿದ್ದ. ಆ ಕೆಲಸದಲ್ಲಿ ತಪ್ಪೇನಿಲ್ಲ. ಆದರೆ ನಿದ್ದೆಗೆಟ್ಟ ಕೈಯಲ್ಲಿ ಪಿಪೆಟ್ ನಿಲ್ಲುವುದಿಲ್ಲ. ರಾಜ್ಯದ ನೆರವು ಯಾವ ಇಲಾಖೆಯಿಂದ ಬಂದರೂ ತಿಂಗಳ ಒಂದನೇ ತಾರೀಖು ಖಾತೆಗೆ ಹೋಗಲಿ. ಇಷ್ಟು ಗ್ಯಾರಂಟಿಗಳನ್ನು ತಿಂಗಳು ತಿಂಗಳು ಖಾತೆಗೆ ಹಾಕಲು ಬರುವ ಸರ್ಕಾರಕ್ಕೆ ಇದು ಕಷ್ಟದ ತಂತ್ರಜ್ಞಾನ ಅಲ್ಲ.

ಉಪಕರಣದ ಬಗ್ಗೆ ಒಂದೇ ಮಾತು. ಪ್ರತಿ ವಿವಿಗೂ ಒಂದೊಂದು ಕಾನ್ಫೋಕಲ್ ಮೈಕ್ರೋಸ್ಕೋಪ್ ಕೊಡಿಸಿ, ನಡೆಸುವ ಟೆಕ್ನೀಷಿಯನ್ ಇಲ್ಲದೆ ಬಟ್ಟೆ ಮುಚ್ಚಿ ಇಡುವುದು ಬೇಡ. ಬೆಂಗಳೂರಿನಲ್ಲಿ ಒಂದು ಕಡೆ ಎಲ್ಲ ರಾಜ್ಯ ವಿವಿಗಳಿಗೂ ಸೇರಿ ಒಂದು ಸೌಲಭ್ಯ ಮಾಡಿ. ಕಾಯಂ ಟೆಕ್ನೀಷಿಯನ್‌ಗಳನ್ನು ನೇಮಿಸಿ. ಗಂಟೆಗೆ ಇಷ್ಟು ಅಂತ ವಿದ್ಯಾರ್ಥಿಗೆ ಕೈಗೆಟುಕುವ ದರ ಇಡಿ. ಆಂಟಿಬಾಡಿಗಳನ್ನೂ ಅಲ್ಲೇ ಒಟ್ಟಿಗೆ ತರಿಸಿ ಹಂಚಿದರೆ ಅರ್ಧ ಸೀಸೆ ಒಂದು ಲ್ಯಾಬಿನಲ್ಲಿ ಕೊಳೆಯುವುದು, ಇನ್ನೊಂದು ಲ್ಯಾಬ್ ಅದೇ ಸೀಸೆಗೆ ಕಾಯುವುದು ತಪ್ಪುತ್ತದೆ.

ಕೊನೆಯದಾಗಿ ಮಾರ್ಚ್ ವಿಷಯ. ರಾಜ್ಯದ ಸಂಶೋಧನಾ ಅನುದಾನ ವರ್ಷದ ಕೊನೆಗೆ ಕೈಗೆ ಬಂದು, ಮಾರ್ಚ್ 31ರೊಳಗೆ ಖರ್ಚು ಮಾಡಿ ಇಲ್ಲವೇ ವಾಪಸ್ ಕೊಡಿ ಅನ್ನುವ ಪರಿಸ್ಥಿತಿ ಇದೆ. ಆಗ ಏನು ಮಾಡುತ್ತೇವೆ ಗೊತ್ತಾ? ಕೆಡದ ವಸ್ತು ಕೊಳ್ಳುತ್ತೇವೆ. ಟಿಪ್ಸ್, ಟ್ಯೂಬ್, ಗ್ಲಾಸ್‌ವೇರ್. ನಮ್ಮ ಸ್ಟೋರಿನಲ್ಲಿ ಇನ್ನೂ ಅನೇಕ ವರ್ಷಕ್ಕೆ ಆಗುವಷ್ಟು ಪ್ಲಾಸ್ಟಿಕ್ ಟ್ಯೂಬ್‌ಗಳಿವೆ, ಹಾಕಲು ಆಂಟಿಬಾಡಿ ಇಲ್ಲ. ಮೂರು ವರ್ಷದ ಯೋಜನೆಯ ಹಣ ಮೂರು ವರ್ಷ ಲ್ಯಾಬಿನ ಲೆಕ್ಕದಲ್ಲೇ ಉಳಿಯುವಂತೆ ಒಂದು ಆದೇಶ ಹೊರಡಿಸಿ.

ನಿಮ್ಮ ಹಣಕಾಸು ಸಲಹೆಗಾರರನ್ನು ಒಂದು ದಿನ ಯಾವುದಾದರೂ ರಾಜ್ಯ ವಿವಿಯ ಜೀವವಿಜ್ಞಾನ ಲ್ಯಾಬಿಗೆ ಕಳಿಸಿ. ನಮ್ಮದೇ ಆಗಬೇಕೆಂದಿಲ್ಲ. ಒಂದು ಆಂಟಿಬಾಡಿಯ ಫೈಲನ್ನು ಇಂಡೆಂಟಿನಿಂದ ಬಿಲ್ಲಿನ ತನಕ ಪುಟ ತಿರುಗಿಸಿ ನೋಡಲಿ. ಬಜೆಟ್ ತಯಾರಿಗೆ ಮುಂಚೆ ಬಂದರೆ ಒಳ್ಳೆಯದು. ಮಾರ್ಚ್‌ನಲ್ಲಿ ಮಾತ್ರ ಬೇಡ, ಆಗ ನಾವೆಲ್ಲ ಟ್ಯೂಬ್ ಎಣಿಸುವುದರಲ್ಲಿ ಇರುತ್ತೇವೆ.

ಇಂತಿ,
ರಾಜ್ಯ ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಅಧ್ಯಾಪಕಿ
ಬೆಂಗಳೂರು